ಆಟಕ್ಕುಂಟು ಲೆಕ್ಕಕ್ಕಿಲ್ಲದ ಜೋಡಿ

ನಾಲ್ಕರಿಂದ ಭಾಗವಾಗದ ಸಂಖ್ಯೆಗಳನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅದಕ್ಕೆ ಕಾರಣ ಜನವರಿಯ ಮಂಜು, ಒಂದು ರೈಲು ಮತ್ತು ನನ್ನ ಗಂಡ.

ದಕ್ಷಿಣ ಕೋಲ್ಕತ್ತದ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಚರ್ಚಾ ಸಂಘದ ಉಸ್ತುವಾರಿಯೂ ನನ್ನದೇ. ಮೀನಿನ ಮರಿಗೆ ಈಜು ಕಲಿಸಬೇಕೇ ಎನ್ನುತ್ತಾರಲ್ಲ, ಹಾಗೆ ಈ ಊರಿನ ಮಕ್ಕಳಿಗೆ ವಾದ ಮಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕಲಿಸಬೇಕಾದದ್ದು ವಾದ ನಿಲ್ಲಿಸುವುದನ್ನು. ಏಳು ನಿಮಿಷಕ್ಕೆ ಗಂಟೆ ಹೊಡೆಯುತ್ತದೆ, ಆಮೇಲೆ ಬಾಯಿ ಮುಚ್ಚಬೇಕು ಎಂಬ ಒಂದೇ ನಿಯಮಕ್ಕೆ ಹೆದರಿ ಎಷ್ಟೋ ಪ್ರತಿಭಾವಂತರು ಮೊದಲ ವಾರವೇ ಸಂಘ ಬಿಟ್ಟಿದ್ದಾರೆ.

ಆ ವರ್ಷ ನಮ್ಮ ಕಾಲೇಜಿನಲ್ಲೇ ಅಂತರಕಾಲೇಜು ಪಂದ್ಯಾವಳಿ ಇಟ್ಟುಕೊಂಡಿದ್ದೆವು. ಹಿಂದಿನ ವಾರ ಪ್ರಾಂಶುಪಾಲರು ನನ್ನನ್ನು ಕರೆದು, ಚಹಾ ಕೊಟ್ಟು, ನಯವಾಗಿ ಒಂದು ಮಾತು ಹೇಳಿದ್ದರು. ಎರಡನೇ ಮಹಡಿಯ ಚರ್ಚಾ ಸಂಘದ ಕೋಣೆಯನ್ನು ಉದ್ಯೋಗ ಮಾರ್ಗದರ್ಶನದವರು ಕೇಳುತ್ತಿದ್ದಾರೆ. ನಮ್ಮದೇ ಅಂಗಳದಲ್ಲಿ ನಮ್ಮದೇ ತಂಡ ಸೆಮಿ ಫೈನಲ್‌ಗೂ ಹೋಗದಿದ್ದರೆ ಆ ಕೋಣೆ ಉಳಿಸಿಕೊಡಲು ತಮ್ಮ ಹತ್ತಿರ ಏನು ವಾದ ಉಳಿಯುತ್ತದೆ, ನೀವೇ ಹೇಳಿ ಎಂದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಕೋಣೆ ಹೋದರೆ ಸಂಘವೂ ಹೋದ ಹಾಗೆ. ಮಕ್ಕಳು ಸೇರುವುದು ಅಲ್ಲಿ, ಜಗಳವಾಡುವುದು ಅಲ್ಲಿ, ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ಅಳುವುದೂ ಅಲ್ಲೇ.

ನಮ್ಮ ತಂಡದಲ್ಲಿ ಇಬ್ಬರು ಹುಡುಗಿಯರಿದ್ದರು. ಒಬ್ಬಳು ಕನ್ನಡದವರ ಮನೆಯ ಹುಡುಗಿ. ತಂದೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ, ಮನೆ ಲೇಕ್ ಮಾರ್ಕೆಟ್ಟಿನ ಹತ್ತಿರ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷು, ಕಾಲು ಹಿಂದಿ, ಉಳಿದದ್ದು ಕನ್ನಡ. ಗೇಟಿನ ಒಳಗೆ ನಾನು ಮ್ಯಾಡಂ, ಗೇಟು ದಾಟಿದರೆ ಆಂಟಿ. ಇನ್ನೊಬ್ಬಳು ಬಂಗಾಳಿ ಹುಡುಗಿ, ಮಾತು ಕಮ್ಮಿ, ಪೆಟ್ಟು ಜಾಸ್ತಿ. ಇಬ್ಬರಿಗೂ ಅದು ಕೊನೆಯ ವರ್ಷ.

ಆಟದ ನಿಯಮ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಂಕಟ ಅರ್ಥವಾಗುವುದಿಲ್ಲ. ಒಂದು ಕೋಣೆಯಲ್ಲಿ ನಾಲ್ಕು ತಂಡ, ತಂಡಕ್ಕೆ ಇಬ್ಬರು. ಎರಡು ತಂಡ ಸರ್ಕಾರದ ಕಡೆ, ಎರಡು ವಿರೋಧದ ಕಡೆ. ಎರಡೂ ಕಡೆಯವರು ಸರದಿಯಂತೆ ಒಬ್ಬರಾದ ಮೇಲೆ ಒಬ್ಬರು ಮಾತಾಡಬೇಕು. ಪ್ರತಿ ಕಡೆಯಲ್ಲೂ ಮೊದಲ ತಂಡ ಮಾತು ಶುರು ಮಾಡುತ್ತದೆ, ಎರಡನೆಯ ತಂಡ ಮುಗಿಸುತ್ತದೆ. ಒಂದೇ ಕಡೆ ಕೂತಿದ್ದರೂ ಈ ಎರಡು ತಂಡಗಳು ಪ್ರತಿಸ್ಪರ್ಧಿಗಳು, ಏಕೆಂದರೆ ತೀರ್ಪುಗಾರರು ನಾಲ್ಕೂ ತಂಡಗಳಿಗೆ ಒಂದರಿಂದ ನಾಲ್ಕರವರೆಗೆ ಸ್ಥಾನ ಕೊಡುತ್ತಾರೆ. ಮುಗಿಸುವ ತಂಡ ಮೊದಲ ತಂಡದ ಮಾತನ್ನು ಅಲ್ಲಗಳೆಯುವಂತಿಲ್ಲ, ಹಾಗೆಂದು ಅದನ್ನೇ ಮತ್ತೆ ಹೇಳುವಂತೆಯೂ ಇಲ್ಲ. ಹೊಸದೇನಾದರೂ ತರಬೇಕು. ಅತ್ತೆಯ ಅಡುಗೆಯನ್ನು ಹೊಗಳುತ್ತಲೇ ತನ್ನ ಅಡುಗೆ ಬಡಿಸಬೇಕಾದ ಸೊಸೆಯ ಪಾಡು ಅದು.

ಶುಕ್ರವಾರ, ಸರ್ಕಾರಿ ರಜೆ, ಬೆಳಿಗ್ಗೆ ಎಲ್ಲ ಸಿದ್ಧವಾಗಿತ್ತು. ಆಗ ಹೊರ ಊರಿನ ಒಂದು ತಂಡದಿಂದ ಫೋನ್ ಬಂತು. ಮಂಜು ಮುಸುಕಿ ಅವರ ರೈಲು ದಾರಿಯಲ್ಲೇ ನಿಂತುಬಿಟ್ಟಿತ್ತು, ಅವರು ವಾಪಸು ಹೋಗಲು ನಿರ್ಧರಿಸಿದ್ದರು. ಒಂದು ತಂಡ ಕಡಿಮೆಯಾದರೆ ಒಂದು ಕೋಣೆಯಲ್ಲಿ ಮೂರೇ ತಂಡ ಉಳಿಯುತ್ತವೆ, ಆಟ ನಡೆಯುವುದಿಲ್ಲ. ಇಂಥ ಹೊತ್ತಿಗೆ ಸಂಘಟಕರು ಯಾರನ್ನಾದರೂ ಹಿಡಿದು ಒಂದು ಬದಲಿ ತಂಡ ಕಟ್ಟಬೇಕು. ಅದಕ್ಕೆ ಸ್ವಿಂಗ್ ಟೀಮ್ ಎನ್ನುತ್ತಾರೆ. ಅವರು ಎಲ್ಲರಂತೆ ಮಾತಾಡುತ್ತಾರೆ, ಸ್ಥಾನವನ್ನೂ ಪಡೆಯುತ್ತಾರೆ, ಆದರೆ ಮುಂದಿನ ಹಂತಕ್ಕೆ ಹೋಗುವಂತಿಲ್ಲ. ನಾವು ಚಿಕ್ಕವರಿದ್ದಾಗ ಕುಂಟೆಬಿಲ್ಲೆಯಲ್ಲಿ ಸಣ್ಣ ಮಕ್ಕಳನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುತ್ತಿದ್ದೆವಲ್ಲ, ಥೇಟ್ ಅದೇ.

ನಮ್ಮ ವಿದ್ಯಾರ್ಥಿಗಳೆಲ್ಲ ಗಂಟೆ ಹೊಡೆಯುವುದಕ್ಕೆ, ಬಾಗಿಲು ಕಾಯುವುದಕ್ಕೆ, ಅಂಕ ದಾಖಲಿಸುವುದಕ್ಕೆ ಹಂಚಿಹೋಗಿದ್ದರು. ಖಾಲಿ ಇದ್ದವರು ಒಬ್ಬರೇ, ತತ್ವಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು. ನಿವೃತ್ತರಾದ ಮೇಲೂ ದಿನವೂ ಕ್ಯಾಂಟೀನಿಗೆ ಬಂದು ಅಡ್ಡಾ, ಅಂದರೆ ಗಂಟೆಗಟ್ಟಲೆ ಹರಟೆ, ಹೊಡೆಯುವುದು ಅವರ ಪದ್ಧತಿ. ಕೇಳಿದ ತಕ್ಷಣ ಒಪ್ಪಿದರು. ಇನ್ನೊಬ್ಬರು ಬೇಕಲ್ಲ. ನನ್ನ ಗಂಡ ರೈಲ್ವೆಯವರು. ನಿಂತದ್ದು ರೈಲು. ನಾನು ಮನೆಗೆ ಫೋನ್ ಮಾಡಿದೆ.

“ನಿಮ್ಮ ರೈಲಿನಿಂದ ನನ್ನ ಲೆಕ್ಕ ತಪ್ಪಿದೆ. ಬಂದು ಸರಿ ಮಾಡಿಕೊಡಿ.”

“ಮಂಜಿಗೆ ನಾ ಏನ ಮಾಡ್ಲಿ? ಅದೇನ ನನ್ನ ಇಲಾಖೆಗೆ ಬರ್ತೈತೇನು?”

“ಮಂಜು ಬೇಡ, ನೀವು ಬನ್ನಿ. ಇಸ್ತ್ರಿ ಶರ್ಟು ಹಾಕ್ಕೊಂಡು ಬನ್ನಿ.”

ಬಂದರು. ನನ್ನ ಗಂಡ ಧಾರವಾಡದವರು. ಕಚೇರಿಯಲ್ಲಿ ಇಲಾಖಾ ವಿಚಾರಣೆಗಳಾದಾಗ ಆಡಳಿತದ ಪರವಾಗಿ ವಾದ ಮಂಡಿಸುವುದು ಅವರ ಕೆಲಸ. ಆದ್ದರಿಂದ ಇಂಗ್ಲಿಷಿಗೆ ತೊಂದರೆಯಿಲ್ಲ, ಧೈರ್ಯಕ್ಕೂ ಕೊರತೆಯಿಲ್ಲ. ಮನೆಯಲ್ಲಿ ಮಾತ್ರ ಮಾತು ಕಡಿಮೆ. ಅದಕ್ಕೆ ನಾನೇ ಕಾರಣ ಎಂದು ಅವರ ಅಕ್ಕ ಹೇಳುತ್ತಾರೆ.

ನಿಯಮಗಳನ್ನು ವಿವರಿಸಿದೆ. ವಿಷಯ ಘೋಷಿಸಿದ ಮೇಲೆ ತಯಾರಿಗೆ ಹದಿನೈದು ನಿಮಿಷ, ಫೋನ್ ಮುಟ್ಟುವಂತಿಲ್ಲ. ಒಬ್ಬೊಬ್ಬರಿಗೆ ಏಳು ನಿಮಿಷದ ಭಾಷಣ. ಮೊದಲ ನಿಮಿಷ ಮತ್ತು ಕೊನೆಯ ನಿಮಿಷ ಯಾರೂ ಅಡ್ಡ ಬರುವಂತಿಲ್ಲ. ನಡುವೆ ಎದುರು ಪಕ್ಷದವರು ಎದ್ದು ನಿಂತು ಪ್ರಶ್ನೆ ಕೇಳಬಹುದು.

“ಒಂದ ನಿಮಿಷ ಪೂರ್ತಿ ಯಾರೂ ನಡುವ ಬಾಯಿ ಹಾಕೂದಿಲ್ಲ?” ಎಂದು ಗಂಡ ಕೇಳಿದರು.

“ಇಲ್ಲ. ನಿಯಮ.”

“ಇಂಥಾ ನಿಯಮ ಇಷ್ಟ ವರ್ಷ ನೀ ಮನಿಗೆ ಯಾಕ ತರ್ಲಿಲ್ಲ?”

ಪ್ರಶ್ನೆ ಕೇಳುವವರು ಒಂದು ಕೈ ತಲೆಯ ಮೇಲಿಟ್ಟು ಇನ್ನೊಂದು ಕೈ ಮುಂದೆ ಚಾಚಿ ನಿಲ್ಲುವುದು ಒಂದು ಹಳೆಯ ರೂಢಿ. ಹಿಂದೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಕೃತಕ ಕೂದಲಿನ ಟೋಪಿ ಜಾರದಿರಲಿ ಎಂದು ಹಿಡಿದುಕೊಳ್ಳುತ್ತಿದ್ದರಂತೆ. ಪ್ರಾಧ್ಯಾಪಕರು ಕೂಡಲೇ ಎದ್ದು ಅಭ್ಯಾಸ ಮಾಡಿದರು. ನನ್ನ ಗಂಡ ಮಾತ್ರ ಖಡಾಖಂಡಿತವಾಗಿ ನಿರಾಕರಿಸಿದರು. “ತಲಿ ಮ್ಯಾಲ ಕೈ ಹೊತ್ತ ನಿಂದ್ರೂದಂದ್ರ ಮನಿ ಮುಳುಗಿದವರ ಲಕ್ಷಣ. ನಾ ಒಲ್ಲೆ.” ಅದು ಕಡ್ಡಾಯವಲ್ಲವಾದ್ದರಿಂದ ನಾನೂ ಒತ್ತಾಯ ಮಾಡಲಿಲ್ಲ.

ಮೊದಲ ಸುತ್ತಿನ ವಿಷಯ, ಪ್ರಾಣಿ ಸಂಗ್ರಹಾಲಯಗಳನ್ನು ಮುಚ್ಚಬೇಕು ಎಂಬುದು. ಇವರದು ಸರ್ಕಾರದ ಕಡೆ, ಮೊದಲ ತಂಡ. ಪ್ರಾಧ್ಯಾಪಕರು ಎದ್ದು ಗ್ರೀಸಿನಿಂದ ಹೊರಟರು. ಅಲ್ಲಿಂದ ಉಪನಿಷತ್ತಿಗೆ ಬಂದು, ಬಾಲ್ಯದಲ್ಲಿ ಅಜ್ಜನ ಕೈ ಹಿಡಿದು ಅಲಿಪುರದ ಸಂಗ್ರಹಾಲಯಕ್ಕೆ ಹೋದದ್ದನ್ನು ನೆನೆದು, ಅಲ್ಲಿಯ ಆಮೆಯ ಮುಂದೆ ನಿಂತಾಗ ಗಂಟೆ ಹೊಡೆಯಿತು. ಗಂಟೆಯ ನಂತರ ಹದಿನೈದು ಸೆಕೆಂಡು ರಿಯಾಯಿತಿ. ಅದು ಕಳೆದ ಮೇಲೆ ಹೇಳಿದ್ದನ್ನು ಬರೆದುಕೊಳ್ಳಬಾರದೆಂದು ತೀರ್ಪುಗಾರರು ಪೆನ್ನು ಕೆಳಗಿಟ್ಟರು. ತಮ್ಮ ಮಾತಿಗೆ ಮೈಮರೆತು ಪೆನ್ನು ಕೆಳಗಿಟ್ಟಿದ್ದಾರೆ ಎಂದುಕೊಂಡ ಪ್ರಾಧ್ಯಾಪಕರು ಇನ್ನಷ್ಟು ಹುಮ್ಮಸ್ಸಿನಿಂದ ಮುಂದುವರಿಸಿದರು. ಅಧ್ಯಕ್ಷ ತೀರ್ಪುಗಾರರು ಎದ್ದು ಕೈ ಮುಗಿಯಬೇಕಾಯಿತು.

ಆಮೇಲೆ ಅದೇ ತಂಡದ ಎರಡನೆಯ ಮಾತುಗಾರರಾಗಿ ನನ್ನ ಗಂಡ ಎದ್ದರು. ಕನ್ನಡಕ ಸರಿಮಾಡಿಕೊಂಡು, “ನನ್ನ ಜೊತೆಗಾರರಾದ ಗೌರವಾನ್ವಿತ ಸದಸ್ಯರ ಹೇಳಿಕೆಯಲ್ಲಿ ಮೂರು ಲೋಪಗಳಿವೆ” ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದರು. ತನ್ನದೇ ತಂಡದ ಬೆನ್ನಿಗೆ ಚೂರಿ ಹಾಕುವುದು ಈ ಆಟದಲ್ಲಿ ಮಹಾಪರಾಧ. ವಿರೋಧ ಪಕ್ಷದವರು ಸಂತೋಷದಿಂದ ಮೇಜು ಬಡಿದರು. ತಂಡಕ್ಕೆ ನಾಲ್ಕನೆಯ ಸ್ಥಾನ ಬಂತು.

ನನಗೆ ನಿರಾಳವಾಯಿತು, ಸುಳ್ಳೇಕೆ. ಬದಲಿ ತಂಡ ಕೊನೆಗೆ ಬಂದರೆ ಯಾರಿಗೂ ನಷ್ಟವಿಲ್ಲ. ಅದು ಗೆದ್ದರೆ ಮಾತ್ರ ನಿಜವಾದ ತಂಡವೊಂದು ಕೆಳಗೆ ಜಾರುತ್ತದೆ.

ಆದರೆ ಇಬ್ಬರಿಗೂ ಹಠ ಹುಟ್ಟಿತು. ಶುಕ್ರವಾರ ಸಂಜೆ ಕ್ಯಾಂಟೀನಿನಲ್ಲಿ ನೋಲೆನ್ ಗುಡದ, ಅಂದರೆ ಹೊಸ ಈಚಲ ಬೆಲ್ಲದ, ಸಂದೇಶ್ ಮಿಠಾಯಿಯ ತಟ್ಟೆಯನ್ನು ನಡುವೆ ಇಟ್ಟುಕೊಂಡು ಸಮಾಲೋಚನೆ ನಡೆಸಿದರು. ಪ್ರಾಧ್ಯಾಪಕರು ಗ್ರೀಸನ್ನು ಬಿಟ್ಟುಕೊಡಲು ಒಪ್ಪಿದರು. ನನ್ನ ಗಂಡ ಅವರ ಪಕ್ಕದಲ್ಲೇ ಕೂತು, ಆರು ನಿಮಿಷವಾದ ಕೂಡಲೇ ಅವರ ಶಾಲಿನ ತುದಿ ಜಗ್ಗುವುದೆಂದು ಒಪ್ಪಂದವಾಯಿತು. ಶನಿವಾರ ಬೆಳಿಗ್ಗೆ ಎರಡನೆಯ ಸ್ಥಾನ ಬಂತು. ಅದರ ಮುಂದಿನ ಸುತ್ತಿನಲ್ಲಿ ಮೊದಲನೆಯದೇ ಬಂತು. ಪ್ರಾಧ್ಯಾಪಕರು ಶಾಲು ಹೊದ್ದು ತಲೆಯ ಮೇಲೆ ಕೈಯಿಟ್ಟು ಎದ್ದರೆಂದರೆ ಎದುರು ತಂಡದ ಹುಡುಗರು ಮಾತು ಮರೆಯುತ್ತಿದ್ದರು. ನನ್ನ ಗಂಡನಂತೂ ಯಾರೂ ಅಡ್ಡ ಬರದ ಆ ಮೊದಲ ನಿಮಿಷವನ್ನು ಎಳನೀರು ಕುಡಿದ ಹಾಗೆ ನಿಧಾನವಾಗಿ ಅನುಭವಿಸುತ್ತಿದ್ದರು. ಬೇರೆ ಕಾಲೇಜಿನ ಮಕ್ಕಳು ಇವರ ಜೊತೆ ಸೆಲ್ಫಿ ತೆಗೆಸಿಕೊಳ್ಳತೊಡಗಿದರು.

ಲೀಗ್ ಹಂತದ ಕೊನೆಯ ಸುತ್ತಿನಲ್ಲಿ, ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಸಮನಾದ ಅಂಕ ಪಡೆದ ತಂಡಗಳನ್ನು ಒಂದೇ ಕೋಣೆಗೆ ಹಾಕುವುದು ಪದ್ಧತಿ. ಅಂಕಗಳ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನಮ್ಮ ವಿದ್ಯಾರ್ಥಿನಿ ನನ್ನನ್ನು ಸನ್ನೆ ಮಾಡಿ ಕರೆದಳು. ಪರದೆ ನೋಡಿದೆ. ನಮ್ಮ ಹುಡುಗಿಯರು, ನನ್ನ ಗಂಡ, ಪ್ರಾಧ್ಯಾಪಕರು, ಎಲ್ಲರೂ ಒಂದೇ ಕೋಣೆ. ಅದೂ ಒಂದೇ ಕಡೆ. ಶುರು ಮಾಡುವವರು ಇವರು, ಮುಗಿಸುವವರು ನಮ್ಮ ಹುಡುಗಿಯರು. ಮುಂದಿನ ಹಂತಕ್ಕೆ ಹೋಗಬೇಕಾದರೆ ಹುಡುಗಿಯರಿಗೆ ಆ ಕೋಣೆಯಲ್ಲಿ ಕನಿಷ್ಠ ಎರಡನೆಯ ಸ್ಥಾನ ಬೇಕಿತ್ತು.

“ಮ್ಯಾಡಂ, ಬದಲಿ ತಂಡವನ್ನು ಪಕ್ಕದ ಕೋಣೆಗೆ ಹಾಕಲಾ? ಒಂದು ಕ್ಲಿಕ್ ಅಷ್ಟೇ. ಲೆಕ್ಕಕ್ಕಿಲ್ಲದವರು ತಾನೇ, ಯಾರೂ ಕೇಳುವುದಿಲ್ಲ” ಎಂದಳು ಅವಳು.

ಅಷ್ಟರಲ್ಲಿ ಪ್ರಾಂಶುಪಾಲರೂ ಬಂದು ಪರದೆ ನೋಡಿದರು. “ಆ ಮಹಾಶಯರು ನಿಮ್ಮ ಯಜಮಾನರಲ್ಲವೇ? ಚಳಿಗಾಲ. ಯಾರ ಗಂಟಲು ಬೇಕಾದರೂ ಕಟ್ಟಬಹುದು” ಎಂದು ಹೇಳಿ ಹೋದರು.

ಬೆರಳು ತುರಿಸಿತು. ಸಂಘದ ಕೋಣೆಯ ಗೋಡೆಗೆ ಮಕ್ಕಳು ಅಂಟಿಸಿದ್ದ ಚೀಟಿಗಳೆಲ್ಲ ಕಣ್ಣ ಮುಂದೆ ಬಂದವು. ಆದರೆ ತನ್ನ ಕಾಲೇಜಿನ ತಂಡ ಇರುವ ಕೋಣೆಯ ವಿಷಯದಲ್ಲಿ ಕೈ ಆಡಿಸುವ ಸಂಚಾಲಕಿ, ಆಮೇಲೆ ಸಂಘದ ಕೋಣೆಯಲ್ಲಿ ಕೂತು ಮಕ್ಕಳಿಗೆ ನ್ಯಾಯದ ಪಾಠ ಯಾವ ಮುಖದಲ್ಲಿ ಮಾಡುವುದು? “ಮುಟ್ಟಬೇಡ. ಹಾಗೇ ಎಲ್ಲರಿಗೂ ತೋರಿಸು” ಎಂದೆ. ಪಟ್ಟಿ ಎಲ್ಲರ ಎದುರು ಪರದೆಯ ಮೇಲೆ ಬಿತ್ತು. ಇನ್ನು ಬದಲಾಯಿಸುವಂತಿರಲಿಲ್ಲ. ನಾನು ಹೊರಗೆ ಬಂದೆ.

ಜಗಲಿಯಲ್ಲಿ ಗಂಡ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುತ್ತಾ ನಿಂತಿದ್ದರು. ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು.

“ನೀ ಅಂದ್ರ ಸೋತ ಬಿಡ್ತೀನಿ. ಮನ್ಯಾಗ ದಿನಾ ಸೋಲ್ತೀನಲ್ಲ, ರೂಢಿ ಐತಿ.”

“ಬೇಡ. ಬೇರೆ ಕೋಣೆಯಲ್ಲಿ ಹೇಗೆ ಮಾತಾಡಿದ್ರೋ ಹಾಗೇ ಮಾತಾಡಿ. ಒಂದು ಚೂರೂ ಬಿಟ್ಟುಕೊಡಬೇಡಿ.”

“ಆತು. ಹೆಂಗೂ ನಮ್ಮ ಹುಡುಗಿ ನಮ್ಮ ಕಡೇನ ಐತಿ. ನಮ್ಮವರು ನಮ್ಮವರಿಗೆ ಆಗಲಿಲ್ಲಂದ್ರ ಹೆಂಗ?”

ಆ ಕೊನೆಯ ಮಾತಿಗೆ ನಾನು ಗಮನ ಕೊಡಲಿಲ್ಲ. ಕೊಡಬೇಕಿತ್ತು.

ವಿಷಯ ಘೋಷಣೆಯಾಯಿತು: ವಯಸ್ಸಿಗೆ ಬಂದ ಮಕ್ಕಳ ನಿರ್ಧಾರಗಳಲ್ಲಿ ಹಿರಿಯರು ಕೈ ಹಾಕಬಾರದು. ಇವರು ಅದರ ಪರವಾಗಿ ಮಾತಾಡಬೇಕು. ಅಧ್ಯಕ್ಷ ತೀರ್ಪುಗಾರ ಸೆಕ್ಟರ್ ಫೈವ್‌ನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹಳೆಯ ಚರ್ಚಾಪಟು, ಮುಖದಲ್ಲಿ ಏನೂ ತೋರಿಸದ ಮನುಷ್ಯ. ನಾನು ಪ್ರೇಕ್ಷಕರ ಕೊನೆಯ ಬೆಂಚಿನಲ್ಲಿ ಕೂತೆ.

ಪ್ರಾಧ್ಯಾಪಕರು ಸ್ವಾತಂತ್ರ್ಯದ ಬಗ್ಗೆ ಚೆಂದವಾಗಿ ಮಾತಾಡಿ, ಶಾಲು ಜಗ್ಗಿದ ಕೂಡಲೇ ಮುಗಿಸಿದರು. ಆಮೇಲೆ ನನ್ನ ಗಂಡ ಎದ್ದರು. ಎದ್ದವರೇ ಹಿಂದಿನ ಬೆಂಚಿನಲ್ಲಿದ್ದ ನಮ್ಮ ಕನ್ನಡದ ಹುಡುಗಿಯ ಕಡೆ ತಿರುಗಿ, ಹೆದರಬೇಡ ನಾನಿದ್ದೇನೆ ಎಂಬಂತೆ ಒಮ್ಮೆ ನಕ್ಕರು. ಆಗ ನನಗೆ ಹೊಳೆಯಿತು. ಈ ಮನುಷ್ಯನ ಪ್ರಕಾರ ಒಂದೇ ಕಡೆ ಕೂತವರೆಲ್ಲ ಒಂದೇ ಮನೆಯವರು. ಹುಡುಗಿಗೆ ಕಷ್ಟವಾಗದಿರಲಿ ಎಂದು ಅವಳ ಪಾಲಿನ ಕೆಲಸವನ್ನೂ ತಾವೇ ಮಾಡಿ ಮುಗಿಸಲು ಹೊರಟಿದ್ದಾರೆ.

ಹಾಗೆಯೇ ಮಾಡಿದರು. ಓದಿನ ವಿಷಯದಲ್ಲಿ ಹಿರಿಯರ ತಪ್ಪು ನಿರ್ಧಾರದಿಂದಾಗುವ ಹಾನಿ ಹೇಳಿದರು. ನಮ್ಮ ಹುಡುಗಿ ತನ್ನ ಕಾಗದದ ಮೇಲೆ ಒಂದು ಸಾಲು ಹೊಡೆದುಹಾಕಿದಳು. ಕೆಲಸದ ವಿಷಯ ಹೇಳಿದರು, ಇನ್ನೊಂದು ಸಾಲು ಹೋಯಿತು. ಮದುವೆಯ ವಿಷಯಕ್ಕೆ ಬಂದರು. ಕಾನೂನು, ಮನಸ್ಸಿನ ಆರೋಗ್ಯ, ಹೆಣ್ಣುಮಕ್ಕಳ ಪಾಡು, ಯಾವುದನ್ನೂ ಬಿಡಲಿಲ್ಲ. ಪ್ರತಿ ಅಂಶ ಮುಗಿದಾಗಲೂ ಅವಳ ಕಡೆ ತಿರುಗಿ ನೋಡುತ್ತಿದ್ದರು. ಅವಳು ಸಾಲು ಹೊಡೆಯುತ್ತಿದ್ದುದನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದಾಳೆ ಎಂದುಕೊಂಡು ಮತ್ತಷ್ಟು ಉದಾರಿಯಾದರು. ಏಳು ನಿಮಿಷಕ್ಕೆ ಸರಿಯಾಗಿ ಕೂತಾಗ ಅವಳ ಕಾಗದದಲ್ಲಿ ಉಳಿದದ್ದು ಅವಳ ಹೆಸರು ಮಾತ್ರ ಇರಬೇಕು. ಭಾಷಣ ಅದ್ಭುತವಾಗಿತ್ತು. ನನಗೆ ಅವರ ಕತ್ತು ಹಿಸುಕಬೇಕು ಅನ್ನಿಸಿತು.

ವಿರೋಧ ಪಕ್ಷದವರ ಎರಡನೆಯ ಭಾಷಣದ ಹೊತ್ತಿನಲ್ಲಿ ನಮ್ಮ ಹುಡುಗಿ ಆ ಕಾಗದವನ್ನೇ ನೋಡುತ್ತಾ ಕೂತಿದ್ದಳು. ಜೊತೆಗಾತಿ ಅವಳ ಕಿವಿಯಲ್ಲಿ ಏನೋ ಹೇಳಿ, ಗದ್ದದಿಂದಲೇ ನನ್ನ ಗಂಡನ ಬೆನ್ನಿನ ಕಡೆ ಸನ್ನೆ ಮಾಡಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹುಡುಗಿ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿ ಎದ್ದಳು.

“ನಮ್ಮ ಮೊದಲ ತಂಡ ಹೇಳಿದ್ದರಲ್ಲಿ ಒಂದಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ” ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದಳು. “ಅವರು ಹೇಳಿದ್ದು ಹಿರಿಯರ ತಪ್ಪು ನಿರ್ಧಾರಗಳಿಂದ ಆಗುವ ಹಾನಿ. ನಾನು ಹೇಳುವುದು ಅವರ ಸರಿಯಾದ ನಿರ್ಧಾರಗಳಿಂದ ಆಗುವ ಹಾನಿ. ಹಿರಿಯರು ಜಾಣರು, ಒಳ್ಳೆಯವರು, ಪ್ರೀತಿಯುಳ್ಳವರು ಎಂದೇ ಇಟ್ಟುಕೊಳ್ಳಿ. ಅವರು ಎಲ್ಲವನ್ನೂ ಸರಿಯಾಗಿ ಮಾಡಿಬಿಡುತ್ತಾರೆ. ಆಮೇಲೆ ನಮಗೆ ಮಾಡಲು ಏನು ಉಳಿಯಿತು? ಪುರಾವೆ ಬೇಕೇ? ಕಾಲು ಗಂಟೆಯ ಹಿಂದೆ ನನ್ನ ಕೈಯಲ್ಲಿ ನನ್ನದೇ ವಾದಗಳಿದ್ದವು. ನನಗೆ ಸಹಾಯವಾಗಲೆಂದು ನನ್ನ ಮುಂದೆ ಕೂತಿರುವ ಹಿರಿಯರು ಅವನ್ನೆಲ್ಲ ನನಗಿಂತ ಚೆನ್ನಾಗಿ ಹೇಳಿಬಿಟ್ಟರು. ಪ್ರೀತಿಯಿಂದ. ಪ್ರತಿ ಸಲವೂ ತಿರುಗಿ ನನ್ನನ್ನು ನೋಡಿ ನಕ್ಕರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ನನಗೆ ದಾರಿಯಿಲ್ಲ.”

ಕೋಣೆಯಲ್ಲಿ ನಗು ಎದ್ದಿತು. ಎದುರು ತಂಡದವನೊಬ್ಬ ತಲೆಯ ಮೇಲೆ ಕೈಯಿಟ್ಟು ಎದ್ದು, ಹಿರಿಯರು ಸುಮ್ಮನಿದ್ದಿದ್ದರೆ ನೀವು ತಪ್ಪು ಮಾತಾಡಿ ಸೋಲುತ್ತಿದ್ದಿರಿ, ಅದು ಒಳ್ಳೆಯದಾಗಿತ್ತೇನು ಎಂದು ಕೇಳಿದ.

“ಒಳ್ಳೆಯದು” ಎಂದಳು ಥಟ್ಟನೆ. “ಆ ತಪ್ಪು ನನ್ನದಾಗಿರುತ್ತಿತ್ತು. ಮುಂದಿನ ಸಲ ಸರಿ ಮಾಡಿಕೊಳ್ಳಲು ನನ್ನ ಹತ್ತಿರ ಏನಾದರೂ ಇರುತ್ತಿತ್ತು.”

ಅಷ್ಟು ಹೊತ್ತು ಹೆಮ್ಮೆಯಿಂದ ಕೂತಿದ್ದ ನನ್ನ ಗಂಡನ ಮುಖ ಮೊದಲು ಪೆಚ್ಚಾಯಿತು. ಆಮೇಲೆ ಅವರೇ ಎಲ್ಲರಿಗಿಂತ ಜೋರಾಗಿ ಮೇಜು ಬಡಿಯತೊಡಗಿದರು, ಗಂಟೆ ಹಿಡಿದ ಹುಡುಗಿ ಸುಮ್ಮನಿರಿ ಎಂದು ಹೇಳಬೇಕಾಯಿತು.

ಕೊನೆಯ ಸುತ್ತಿನ ಫಲಿತಾಂಶವನ್ನು ಕೂಡಲೇ ಹೇಳುವುದಿಲ್ಲ. ಸಂಜೆ ಎಲ್ಲರೂ ಸಭಾಂಗಣದಲ್ಲಿ ಸೇರಿದ ಮೇಲೆ, ಮುಂದೆ ಹೋಗುವ ಎಂಟು ತಂಡಗಳ ಹೆಸರನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಮೊದಲು ಓದಿದ ಹೆಸರೇ ನಮ್ಮದು, ಎಂಟನೆಯ ಸ್ಥಾನ. ನಾನು ಪಕ್ಕದಲ್ಲಿದ್ದ ಪ್ರಾಧ್ಯಾಪಕರ ಶಾಲನ್ನೇ ಹಿಡಿದು ಎಳೆದುಬಿಟ್ಟೆ. ಅವರು ಅಭ್ಯಾಸ ಬಲದಿಂದ ಮಾತು ನಿಲ್ಲಿಸಿದರು. ಆ ಕೋಣೆಯಲ್ಲಿ ಹುಡುಗಿಯರಿಗೆ ಮೊದಲನೆಯ ಸ್ಥಾನ, ಬದಲಿ ತಂಡಕ್ಕೆ ಎರಡನೆಯದು ಎಂದು ಆಮೇಲೆ ತಿಳಿಯಿತು. ಪ್ರಾಂಶುಪಾಲರು ದೂರದಿಂದಲೇ ಎರಡು ಬೆರಳು ಎತ್ತಿ ತೋರಿಸಿದರು. ಎರಡನೇ ಮಹಡಿಯ ಕೋಣೆ ಉಳಿಯಿತು.

ಹುಡುಗಿ ಓಡಿ ಬಂದಳು. ನಾನು ತಬ್ಬಿಕೊಂಡು, ಮರುದಿನದ ಸೆಮಿ ಫೈನಲ್‌ಗೆ ನನಗೆ ಹೊಳೆದಿದ್ದ ಒಂದೆರಡು ಉಪಾಯ ಹೇಳಲು ಶುರು ಮಾಡಿದೆ. ಗಂಡ ತಾವೂ ಒಂದು ಯೋಚನೆ ಮಾಡಿದ್ದಾಗಿ ಹೇಳಿದರು. ಪ್ರಾಧ್ಯಾಪಕರು ಬೆಳಿಗ್ಗೆ ಬೇಗ ಬಂದು ಗ್ರೀಸಿನ ಹಿನ್ನೆಲೆ ಕೊಡುತ್ತೇನೆಂದರು. ಅವಳು ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು.

“ಮ್ಯಾಡಂ, ಪ್ಲೀಸ್. ನಾಳೆ ನೀವು ರೂಮಿಗೆ ಬರ್ಬೇಡಿ. ಅಂಕಲ್ ಭೀ ನಹೀ. ಸರ್ ಭೀ ನಹೀ. ವಿ ವಿಲ್ ಮ್ಯಾನೇಜ್. ಮುಗಿದ್ಮೇಲೆ ನಾನೇ ಬಂದು ಹೇಳ್ತೀನಿ.”

“ಹೊರಗ ಜಗಲ್ಯಾಗ ನಿಂದ್ರಬಹುದ?” ಎಂದು ಗಂಡ ಕೇಳಿದರು.

“ನೋ, ಅಂಕಲ್.”

ಭಾನುವಾರ ನಾನು ಕಂಪ್ಯೂಟರ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಗಂಡ ಮನೆಯಲ್ಲಿ ಉಳಿದರು, ಆದರೆ ಮತ್ತೆ ಮತ್ತೆ ಫೋನ್ ಮಾಡಿ, ಬೇರೇನೋ ಕೇಳುವವರ ಹಾಗೆ ಸಾರಿನ ಪುಡಿ ಎಲ್ಲಿದೆ ಎಂದು ಕೇಳಿದರು. ಆ ಮನುಷ್ಯ ಜನ್ಮದಲ್ಲಿ ಸಾರು ಮಾಡಿದವರಲ್ಲ. ಪ್ರಾಧ್ಯಾಪಕರು ಕ್ಯಾಂಟೀನಿನಲ್ಲಿ ಒಬ್ಬರೇ ಸುಮ್ಮನೆ ಕೂತಿದ್ದರಂತೆ. ಅಡುಗೆಯವರು ಗಾಬರಿಯಾಗಿ ಮೈ ಹುಷಾರಿಲ್ಲವೇ ಎಂದು ವಿಚಾರಿಸಿದರಂತೆ.

ಮಧ್ಯಾಹ್ನದ ಹೊತ್ತಿಗೆ ಹುಡುಗಿ ಬಾಗಿಲು ತಳ್ಳಿಕೊಂಡು ಬಂದಳು. ಕಣ್ಣು ಕೆಂಪಾಗಿತ್ತು, ತುಟಿಯಲ್ಲಿ ನಗುವಿತ್ತು. ಹಿಂದೆ ಜೊತೆಗಾತಿ ನಿಂತಿದ್ದಳು.

“ಸೋತ್ವಿ, ಆಂಟಿ” ಎಂದಳು. ಗೇಟಿನ ಒಳಗೆ ಇದ್ದೇವೆಂಬುದು ಮರೆತೇಹೋಗಿತ್ತು. “ಕೊನೇ ಸ್ಥಾನ. ತುಂಬಾ ಕೆಟ್ಟದಾಗಿ ಸೋತ್ವಿ. ಬಟ್ ಪೂರಾ ನಾವೇ ಸೋತಿದ್ದು. ಯಾರೂ ಹೆಲ್ಪ್ ಮಾಡ್ಲಿಲ್ಲ.”

ಎಲ್ಲಿ ತಪ್ಪಿತು ಎಂದು ಇಬ್ಬರೂ ಅಲ್ಲೇ ನಿಂತು ಜಗಳ ಶುರು ಮಾಡಿದರು. ಎಲ್ಲಿ ತಪ್ಪಿರಬಹುದೆಂದು ನನಗೆ ಕೇಳುತ್ತಲೇ ಗೊತ್ತಾಗಿತ್ತು. ಹೇಳಲಿಲ್ಲ. ನಾಲಿಗೆ ಬಿಗಿಹಿಡಿದು ಗಂಡನಿಗೆ ಫೋನ್ ಮಾಡಿ, ಮಕ್ಕಳು ಸೋತರು, ಯಾರ ಸಹಾಯವೂ ಇಲ್ಲದೆ ನಾವೇ ಸೋತೆವೆಂದು ಹೇಳಿಕೊಂಡು ತಿರುಗುತ್ತಿದ್ದಾರೆ ಎಂದೆ.

 “ಪಾಡಾತ ಬಿಡು, ಚಲೋನ ಆತು” ಎಂದು ಅವರು ಫೋನ್ ಇಟ್ಟರು.